ಫೋನಿನಲ್ಲಿದ್ದ ಸೋಫಾ

ಅಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ಅಗ್ಗದ ಟಿಕೆಟ್ಟು.

ಬೆಳಿಗ್ಗೆ ಲಾಂಡ್ರಿಯ ಹಬೆಯಲ್ಲಿ ನಿಂತು ಹೋಟೆಲಿನವರ ಬಿಳಿ ಚಾದರಗಳಿಗೆ ಇಸ್ತ್ರಿ ಹಾಕುತ್ತಾ, ಕಣ್ಣು ಬಿಟ್ಟುಕೊಂಡೇ ಇಸ್ತ್ರಿಯಣ್ಣ ಕನಸು ಕಾಣುತ್ತಿದ್ದ. ಅವನ ಕಟ್ಟಡದವರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಹಬೆ ಮೋಡದ ಹಾಗೆ ಸುತ್ತಿಕೊಂಡಿತ್ತು, ಮುಂದಿನ ತಿಂಗಳು ಬರಲಿರುವ ಹೆಂಡತಿ ಆ ಮೋಡದೊಳಗಿಂದ ನಡೆದು ಬರುತ್ತಿದ್ದಳು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

“ರೀ, ನಾನು ಹೊರಟಾಯ್ತು. ಈಗ ವಿಮಾನ ಬದಲಾಯಿಸ್ತಾ ಇದ್ದೀನಿ. ಸಂಜೆ ಅಲ್ಲಿರ್ತೀನಿ.”

“ಇವತ್ತಾ?”

“ಅರ್ಧ ರೇಟಿಗೆ ಟಿಕೆಟ್ ಸಿಕ್ತು ಕಣ್ರೀ. ನೀವೇ ತಾನೆ ಯಾವಾಗ್ಲೂ ಹೇಳೋದು, ಕೈ ಹಿಡಿದು ಖರ್ಚು ಮಾಡು ಅಂತ? ನಿಮಗೆ ಆಶ್ಚರ್ಯ ಆಗ್ಲಿ ಅಂತ ಮೊದಲೇ ಹೇಳ್ಲಿಲ್ಲ. ನೀವು ಏರ್‌ಪೋರ್ಟ್‌ವರೆಗೂ ಬಂದು ದುಡ್ಡು ದಂಡ ಮಾಡ್ಬೇಡಿ, ವಿಳಾಸ ಇದೆ, ಬಸ್ ಹಿಡಿದು ಬರ್ತೀನಿ. ನೀವು ಹಾಯಾಗಿ ನಮ್ಮ ಸೋಫಾ ಮೇಲೆ ಕೂತು ಕಾಯ್ತಿರಿ.”

ಆಶ್ಚರ್ಯವೇನೋ ಆಯಿತು. ಇಸ್ತ್ರಿ ಪೆಟ್ಟಿಗೆ ಇಟ್ಟಲ್ಲೇ ಉಳಿದು, ಹೋಟೆಲಿನ ಚಾದರದ ನಟ್ಟನಡುವೆ ಕಂದು ಬಣ್ಣದ ಮುದ್ರೆ ಬಿತ್ತು. ಮೇಲ್ವಿಚಾರಕಿ ಚಾದರದ ಬೆಲೆಯನ್ನು ಸಂಬಳದಲ್ಲಿ ಹಿಡಿಯುವುದಾಗಿ ಹೇಳಿ, ಇವನ ಬಿಳುಚಿದ ಮುಖ ನೋಡಿ ಅರ್ಧ ದಿನದ ರಜೆಯನ್ನೂ ಕೊಟ್ಟಳು. ಅದೂ ಸಂಬಳದಲ್ಲೇ ಹಿಡಿಯುವ ರಜೆ.

ಆ ಸೋಫಾದ ವಿಷಯ ಸ್ವಲ್ಪ ಹೇಳಲೇಬೇಕು. ಇಸ್ತ್ರಿಯಣ್ಣ ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದು ಸಂಜೆ ಹೆಂಡತಿ ಫೋನಿನಲ್ಲಿ, “ಎಲ್ಲಿ ಕೂತಿದ್ದೀರಿ?” ಅಂತ ಕೇಳಿದ್ದಳು. ಅವನು ಕೂತಿದ್ದದ್ದು ಬೋರಲು ಹಾಕಿದ ಬಕೀಟಿನ ಮೇಲೆ. ಮದುವೆಯಾದ ಹೊಸದರಲ್ಲೇ ಬಿಟ್ಟು ಬಂದ ಹೆಂಡತಿಯ ಮುಂದೆ ಬಕೀಟು ಅನ್ನಲು ಬಾಯಿ ಬರಲಿಲ್ಲ. “ಸೋಫಾ ಮೇಲೆ ಕಣೇ,” ಅಂದುಬಿಟ್ಟ. ಅವಳಿಗಾದ ಖುಷಿಗೆ ಮರುದಿನ ಸೋಫಾದ ಪಕ್ಕಕ್ಕೆ ಉದ್ದ ಕಾಲಿನ ದೀಪವೊಂದು ಬಂತು. ವಾರ ಕಳೆಯುವುದರೊಳಗೆ ಊಟದ ಮೇಜೂ ಕುರ್ಚಿಗಳೂ ಬಂದವು. ಇದು ಸುಳ್ಳು ಅಂತ ಅವನಿಗೆ ಅನಿಸಲೇ ಇಲ್ಲ. ಮುಂದಿನ ತಿಂಗಳು ಹೇಗೂ ಕೊಳ್ಳುವುದೇ, ಸ್ವಲ್ಪ ಮುಂಚೆ ಹೇಳುತ್ತಿದ್ದೇನೆ ಅಷ್ಟೆ, ಅಂದುಕೊಂಡ.

ಆದರೆ ಸೋಫಾದ ದುಡ್ಡು ತಿಂಗಳು ತಿಂಗಳೂ ಬೇರೆ ವೇಷ ಹಾಕಿಕೊಂಡು ಹೊರಟುಹೋಗುತ್ತಿತ್ತು. ಒಂದು ತಿಂಗಳು ಅದು ಚಳಿಯ ಕೋಟಾಯಿತು. ಇನ್ನೊಂದು ತಿಂಗಳು ಕೋಣೆ ಬೆಚ್ಚಗಿಟ್ಟುಕೊಂಡ ತಪ್ಪಿಗೆ ಬಂದ ಬಿಲ್ಲಾಯಿತು. ಒಮ್ಮೆ ಹಲ್ಲುನೋವು ಬಂದು, ಒಂದು ದವಡೆ ಹಲ್ಲು ಕೀಳಿಸಿದ ದುಡ್ಡಿಗೆ ಮೂವರು ಕೂರುವ ಸೋಫಾ ಬರುತ್ತಿತ್ತು ಅಂತ ಆಮೇಲೆ ಗೊತ್ತಾಗಿ, ಹಲ್ಲು ಹೋದ ಜಾಗ ಇನ್ನೊಮ್ಮೆ ನೋಯಿತು. ಫೋನಿನ ಕ್ಯಾಮೆರಾ ಒಡೆದಿತ್ತು, ರಿಪೇರಿ ದುಬಾರಿ. ಹಾಗಾಗಿ ಮನೆ ತೋರಿಸಿ ಅಂತ ಹೆಂಡತಿ ಕೇಳುವ ಹಾಗೂ ಇರಲಿಲ್ಲ.

ಹೋಗಹೋಗುತ್ತಾ ಆ ಮನೆ ಅವನಿಗೇ ನಿಜವಾಗತೊಡಗಿತು. ಕೆಲಸ ಮುಗಿಸಿ ಬಂದು ಕತ್ತಲೆಯಲ್ಲಿ ಬಾಗಿಲು ತೆರೆದರೆ, ಇಲ್ಲದ ಮೇಜು ಮೊಣಕಾಲಿಗೆ ತಗಲೀತೆಂದು ಬಳಸಿಕೊಂಡು ಹೋಗುತ್ತಿದ್ದ. ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ದೀಪದ ಹಳದಿ ಬೆಳಕು ಗೋಡೆಯ ಮೇಲೆ ಉಳಿದ ಹಾಗೆ ಕಾಣುತ್ತಿತ್ತು. ಅವಳು ಊರಿನಲ್ಲಿ ಅಕ್ಕತಂಗಿಯರಿಗೆಲ್ಲ, “ನಮ್ಮನೇಲಿ ಸೋಫಾ ಕಿಟಕಿ ಪಕ್ಕ ಇದೆ,” ಅಂತ ಹೇಳಿಕೊಂಡಿದ್ದಳು. ಈಗ ಅವಳು ಬಾಗಿಲು ತಳ್ಳಿ ಬರಿಗೋಡೆ ನೋಡಿದರೆ? ಅವಳ ಮುಖ ಬಾಡುವುದನ್ನು ನೆನೆಸಿಕೊಂಡೇ ಇಸ್ತ್ರಿಯಣ್ಣ ಲಾಂಡ್ರಿಯಿಂದ ಮನೆಯ ಕಡೆ ಓಡಿದ.

ಕಟ್ಟಡದ ಬಾಗಿಲಲ್ಲೇ ಗುಣಾಕಾರ ಮಾವ ಸಿಕ್ಕರು. ಎದುರು ಮನೆಯವರು, ಬಹಳ ವರ್ಷದಿಂದ ಇಲ್ಲೇ ನೆಲೆಸಿದವರು. ಅಷ್ಟು ವರ್ಷವಾದರೂ ಯಾವ ಸಾಮಾನಿನ ಬೆಲೆ ನೋಡಿದರೂ ತಕ್ಷಣ ಊರಿನ ದುಡ್ಡಿಗೆ ಗುಣಿಸಿ ಎದೆ ಹಿಡಿದುಕೊಳ್ಳುವ ಅಭ್ಯಾಸ ಅವರಿಗೆ ಹೋಗಿರಲಿಲ್ಲ. ಹೀಗೆ ಗುಣಿಸಿಯೇ ಅವರು ಹೋಟೆಲಿನ ಕಾಫಿ ಬಿಟ್ಟಿದ್ದರು, ಆಮೇಲೆ ಬಸ್ಸು ಬಿಟ್ಟಿದ್ದರು, ಕ್ಷೌರವನ್ನು ಈಗೀಗ ಬಿಡುತ್ತಿದ್ದರು.

ಎಲ್ಲ ಕೇಳಿ ಮಾವ ಗಡ್ಡ ಕೆರೆದುಕೊಂಡರು. “ಹೊಸ ಸೋಫಾ ಅಂದ್ರೆ, ಗುಣಿಸಿದ್ರೆ... ಅಯ್ಯೋ ಬೇಡಪ್ಪ, ಊರಲ್ಲಿ ಅದೇ ದುಡ್ಡಿಗೆ ಸೈಟೇ ಬರುತ್ತೆ! ಎರವಲು ತಂದುಬಿಡು. ಎರಡು ದಿನ ಇಟ್ಕೊ, ಆಮೇಲೆ ನಿಧಾನವಾಗಿ ಅವಳಿಗೆ ನಿಜ ಹೇಳು. ದೀಪ ನಾನು ಕೊಡ್ತೀನಿ.”

“ಮಾವ, ನಿಮ್ಮ ಉಪಕಾರ...”

“ಆದ್ರೆ ಒಂದು ಮಾತು. ನನ್ನ ಮನೇಲಿರೋದು ಅದೊಂದೇ ದೀಪ. ಸಂಜೆ ಪೇಪರ್ ಓದ್ದೆ ಇದ್ರೆ ನನಗೆ ನಿದ್ದೆ ಬರಲ್ಲ. ದೀಪ ಎಲ್ಲಿರುತ್ತೋ ನಾನಲ್ಲೇ.”

ಸೋಫಾ ಇದ್ದದ್ದು ಮೇಲಿನ ಮಹಡಿಯ ನರ್ಸಕ್ಕನ ಹತ್ತಿರ. “ತಗೊಂಡು ಹೋಗಪ್ಪ, ಹೆಂಡತಿ ಬರ್ತಿದ್ದಾಳೆ ಅಂದ್ರೆ ಇಲ್ಲ ಅನ್ನೋಕಾಗುತ್ತಾ?” ಅಂದಳು ಅವಳು ಆಕಳಿಸುತ್ತಾ. “ಆದ್ರೆ ನಾನು ಮಲಗೋದೂ ಅದರ ಮೇಲೇನೇ. ಮಂಚ ತಗೊಂಡ್ರೆ ಸೋಫಾ ಇಲ್ಲ, ಸೋಫಾ ತಗೊಂಡ್ರೆ ಮಂಚ ಇಲ್ಲ, ಎರಡಕ್ಕೂ ದುಡ್ಡೆಲ್ಲಿ? ಇವತ್ತು ರಾತ್ರಿ ಪಾಳಿ ಬೇರೆ. ಸಂಜೆ ಒಂದು ನಿದ್ದೆ ಮಾಡ್ದೆ ಹೋದ್ರೆ ಯಾರಿಗೋ ಕೊಡೋ ಸೂಜಿ ಇನ್ಯಾರಿಗೋ ಚುಚ್ಚಿಬಿಡ್ತೀನಿ.”

ಮೇಜು, ಕುರ್ಚಿ ಕೊಟ್ಟದ್ದು ಕೆಳಮನೆಯ ದರ್ಜಿ ಚಿಕ್ಕಪ್ಪ. ನಾಳೆ ಬೆಳಿಗ್ಗೆಯೇ ಒಂದು ಕೋಟು ಹೊಲಿದು ಕೊಡಬೇಕು, ಹೊಲಿಯುವ ಮಿಷನ್ನು ಇಡಲು ಇನ್ನೊಂದು ಮೇಜಿಲ್ಲ, ಆದ್ದರಿಂದ ಮೇಜಿನ ಹಿಂದೆ ಮಿಷನ್ನೂ ಮಿಷನ್ನಿನ ಹಿಂದೆ ತಾನೂ ಬರುವುದಾಗಿ ಅವನು ವಿನಯದಿಂದಲೇ ತಿಳಿಸಿದ.

ಇಸ್ತ್ರಿಯಣ್ಣ ಎಲ್ಲದಕ್ಕೂ ಹೂಂ ಅಂದ. ತನ್ನದು ಒಂದೇ ಕೋರಿಕೆ, ಈ ಸಾಮಾನು ತಮ್ಮದೆಂದು ಯಾರೂ ಬಾಯಿ ಬಿಡಬಾರದು. ಮೂವರೂ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು.

ಸೋಫಾ ಇಳಿಸುವಾಗ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲೆಯೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಕೆಳಗಿನಿಂದ ದರ್ಜಿ ಚಿಕ್ಕಪ್ಪ ಎಳೆದ, ಮೇಲಿನಿಂದ ನರ್ಸಕ್ಕ ತಳ್ಳಿದಳು, ಮಾವ ಇಬ್ಬರ ನಡುವೆ ನಿಂತು, ಗೋಡೆಯ ಸುಣ್ಣ ಇಷ್ಟು ಉದುರಿದರೆ ಕಟ್ಟಡದ ಓನರಮ್ಮ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾಳೆ ಅಂತ ಗುಣಿಸಿ ಹೇಳಿದರು. ಇಸ್ತ್ರಿಯಣ್ಣ ಸೋಫಾದ ಅಡಿಯಲ್ಲಿದ್ದ. ಅಲ್ಲಿ ಬೆಚ್ಚಗಿತ್ತು, ಕತ್ತಲಿತ್ತು, ಹಳೆಯ ಹತ್ತಿಯ ವಾಸನೆ ಬರುತ್ತಿತ್ತು. ಆ ಕಷ್ಟದಲ್ಲೂ ಅವನಿಗೆ ಒಂದು ಕ್ಷಣ, ಹೆಂಡತಿ ಈ ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕೂತು ನಗುತ್ತಿರುವ ಹಾಗೆ ಕಂಡು, ಹಿಡಿತ ಸಡಿಲವಾಗಿ ಸೋಫಾ ದಡದಡನೆ ತಾನೇ ಇಳಿದುಹೋಯಿತು.

ಆ ಸದ್ದಿಗೆ ಸಾಕ್ಷಾತ್ ಓನರಮ್ಮನೇ ಬಾಗಿಲು ತೆರೆದಳು. “ಏನಿದು? ಹೊಸ ಸಾಮಾನಾ?”

ಆಣೆ ನೆನಪಾಗಿ ಮೂವರೂ ಒಕ್ಕೊರಲಿನಿಂದ, “ಹೌದು, ಎಲ್ಲಾ ಇವನದೇ!” ಅಂದರು.

“ಸಂತೋಷ. ಕೈಯಲ್ಲಿ ದುಡ್ಡು ಚೆನ್ನಾಗಿ ಆಡ್ತಿದೆ ಅನ್ನಿ. ಹೆಂಡತಿ ಬೇರೆ ಬರ್ತಾರೆ, ನೀರೂ ಹೆಚ್ಚು ಬೇಕಾಗುತ್ತೆ. ಬರೋ ತಿಂಗಳಿಂದ ಬಾಡಿಗೆ ಸ್ವಲ್ಪ ಏರಿಸ್ತೀನಿ.”

ಮಾವ ಏರಿದ ಬಾಡಿಗೆಯನ್ನು ಗುಣಿಸಲು ಹೊರಟರು. ಇಸ್ತ್ರಿಯಣ್ಣ ಕೈಮುಗಿದು ಅವರ ಬಾಯಿ ಮುಚ್ಚಿಸಿದ.

ಆದರೂ ಸಂಜೆಯ ಹೊತ್ತಿಗೆ ಕೋಣೆ ನೋಡಬೇಕಿತ್ತು! ಕಿಟಕಿಯ ಪಕ್ಕ ಸೋಫಾ, ಅದರ ಪಕ್ಕ ದೀಪ, ಈಚೆಗೆ ಮೇಜು. ಫೋನಿನಲ್ಲಿ ಹೇಳಿದ್ದ ಮನೆಯೇ ಮೆಲ್ಲಗೆ ಇಳಿದು ಬಂದು ಕೂತ ಹಾಗಿತ್ತು. ಹೊರಗೆ ಮಂಜು ಕವಿದು ಬೀದಿಯೇ ಅಳಿಸಿಹೋಗಿತ್ತು, ಒಳಗೆ ಹಳದಿ ಬೆಳಕು ಹರಡಿತ್ತು. ಇಸ್ತ್ರಿಯಣ್ಣ ನೆಲದ ಮೇಲೆ ಕೂತು ತನ್ನ ಮನೆಯನ್ನು ತಾನೇ ಕಣ್ತುಂಬ ನೋಡಿದ. ನೆಲದ ಮೇಲೇಕೆಂದರೆ, ಸೋಫಾದ ಉದ್ದಕ್ಕೂ ನರ್ಸಕ್ಕ ಮುಸುಕು ಹೊದ್ದು ಗೊರಕೆ ಹೊಡೆಯುತ್ತಿದ್ದಳು. ದೀಪದ ಕೆಳಗಿನ ಕುರ್ಚಿಯಲ್ಲಿ ಮಾವ ಪೇಪರ್ ಹರಡಿಕೊಂಡಿದ್ದರು. ಮೇಜಿನ ಮೇಲೆ ದರ್ಜಿ ಚಿಕ್ಕಪ್ಪನ ಮಿಷನ್ನು ಕಟಕಟ ಅನ್ನುತ್ತಿತ್ತು.

“ಅವಳು ಬರೋ ಹೊತ್ತಾಯ್ತು. ಇನ್ನು ಹೊರಡಿ ಮಾವ,” ಅಂತ ಗೋಗರೆದ.

“ದೀಪ ಬಿಟ್ಟು ಎಲ್ಲಿಗೆ ಹೋಗ್ಲಿ? ಕತ್ತಲೆಗಾ?” ಅಂದರು ಮಾವ, ಪುಟ ತಿರುಗಿಸುತ್ತಾ.

ಬಾಗಿಲು ತಟ್ಟಿದ ಸದ್ದಾಯಿತು.

ಹೆಂಡತಿ ಎರಡು ಸೂಟ್‌ಕೇಸು ಹಿಡಿದು ಹೊಸಿಲಲ್ಲಿ ನಿಂತಿದ್ದಳು. ಕೂದಲ ಮೇಲೆ ಮಂಜಿನ ಹನಿ. ಕನಸಿನಲ್ಲಿ ಹಬೆಯಿಂದ ಹೇಗೆ ಬರುತ್ತಿದ್ದಳೋ ಹಾಗೆಯೇ ಬಂದಿದ್ದಳು. ಅವಳು ಸೋಫಾ ನೋಡಿದಳು, ದೀಪ ನೋಡಿದಳು, ಮೇಜು ನೋಡಿದಳು, ಕಣ್ಣರಳಿಸಿದಳು. ಆಮೇಲೆ ಗೊರಕೆ ಕೇಳಿಸಿತು.

“ಇವರೆಲ್ಲ ಯಾರು ರೀ?”

ಇಸ್ತ್ರಿಯಣ್ಣ ಬಾಯಿ ತೆರೆಯುವ ಮೊದಲೇ ಮಾವ ಎದ್ದು ನಿಂತರು. ಆಣೆ ಕಾಪಾಡುವ ಹುಮ್ಮಸ್ಸು ಅವರಿಗೆ. “ಎದುರು ಮನೆಯವನಮ್ಮ ನಾನು. ನಮ್ಮನೇಲಿ ಒಂದು ದೀಪಕ್ಕೂ ಗತಿಯಿಲ್ಲ. ನಿಮ್ಮ ಯಜಮಾನರ ಬೆಳಕಲ್ಲೇ ನಾವು ಓದೋದು.”

“ನನಗೂ ಮೇಜಿಲ್ಲಮ್ಮ,” ಅಂದ ದರ್ಜಿ ಚಿಕ್ಕಪ್ಪ, ತಾನೇನು ಕಮ್ಮಿ ಅನ್ನುವ ಹಾಗೆ. “ಇಲ್ಲಿ ಹೊಲಿದ್ರೇನೇ ನನಗೆ ಒಂದು ಹೊತ್ತಿನ ಊಟ.”

ನರ್ಸಕ್ಕ ಮುಸುಕಿನೊಳಗಿಂದಲೇ, “ಮಲಗೋಕೆ ಜಾಗ ಇಲ್ಲ ತಾಯಿ,” ಅಂತ ನರಳಿ ಮಗ್ಗುಲು ಬದಲಾಯಿಸಿದಳು.

ಹೆಂಡತಿ ಗಂಡನ ಕೈ ಹಿಡಿದು ಅಡುಗೆಯ ಮೂಲೆಗೆ ಎಳೆದುಕೊಂಡು ಹೋದಳು. ಸಿಕ್ಕಿಬಿದ್ದೆ ಅಂದುಕೊಂಡ ಇಸ್ತ್ರಿಯಣ್ಣ. ನೋಡಿದರೆ ಅವಳ ಕಣ್ಣಲ್ಲಿ ನೀರು.

“ಒಂದು ದಿನವಾದ್ರೂ ಫೋನಲ್ಲಿ ಹೇಳಿದ್ರಾ? ಹೊರದೇಶಕ್ಕೆ ಹೋದವರು ಜಿಪುಣರಾಗ್ತಾರೆ ಅಂತ ಊರಲ್ಲಿ ಎಲ್ಲರೂ ಹೆದರಿಸಿದ್ರು. ನೀವು ನೋಡಿದ್ರೆ ದುಡಿದು ತಂದ ಸಾಮಾನನ್ನೆಲ್ಲ ಇಲ್ಲದವರಿಗೆ ಬಿಟ್ಟುಕೊಟ್ಟು ನೆಲದ ಮೇಲೆ ಕೂತಿದ್ದೀರಲ್ರೀ!”

ಇಸ್ತ್ರಿಯಣ್ಣನಿಗೆ, ಇಷ್ಟು ಒಳ್ಳೆಯವಳಿಗೆ ಇನ್ನು ಸುಳ್ಳು ಹೇಳಬಾರದು ಅನ್ನಿಸಿ, ಧೈರ್ಯ ತಂದುಕೊಂಡು, “ನೋಡೇ, ನಿಜ ಹೇಳ್ತೀನಿ. ಆ ಸಾಮಾನು ನಮ್ಮದಲ್ಲ, ಅವರದ್ದೇ,” ಅಂದ.

“ನನಗೂ ಹಾಗೇ ಅನ್ನಿಸ್ತು!” ಅಂತ ಅವಳು ಕಣ್ಣೊರೆಸಿಕೊಂಡಳು. “ನಮಗೇನು ಬಿಡಿ, ಇನ್ನೊಂದು ತಗೊಳ್ಳೋ ಶಕ್ತಿ ಇದೆ.”

ಅವನು ತಡೆಯುವಷ್ಟರಲ್ಲಿ ಅವಳು ದೀಪದ ಕೆಳಗೆ ನಿಂತಾಗಿತ್ತು. “ಮಾವ, ಈ ವಯಸ್ಸಲ್ಲಿ ಇನ್ನೊಬ್ಬರ ಮನೇಲಿ ಕೂತು ಓದೋದು ಯಾಕೆ? ದೀಪ ನೀವೇ ಇಟ್ಕೊಳ್ಳಿ. ಚಿಕ್ಕಪ್ಪ, ಮೇಜು ಕುರ್ಚಿ ನಿಮಗೆ. ಅಕ್ಕ, ಸೋಫಾ ನಿಮ್ಮದು. ನಮ್ಮ ಯಜಮಾನರೇ ಕೊಡ್ತಿದ್ದಾರೆ ಅಂದ್ಕೊಳ್ಳಿ.”

ದರ್ಜಿ ಚಿಕ್ಕಪ್ಪನ ಮಿಷನ್ನು ನಿಂತಿತು. ನರ್ಸಕ್ಕನ ಗೊರಕೆಯೂ ನಿಂತಿತು. ಮೂವರೂ ಇಸ್ತ್ರಿಯಣ್ಣನ ಮುಖ ನೋಡಿದರು. ಆಣೆಯೇನೋ ಇತ್ತು, ಸಾಮಾನು ತಮ್ಮದೇ ಎನ್ನುವಂತಿರಲಿಲ್ಲ. ಬೇಡವೆನ್ನಲು ಯಾರಿಗೂ ಮನಸ್ಸೂ ಇರಲಿಲ್ಲ. ಮಾವನಂತೂ ಕಳೆದದ್ದು ಸಿಕ್ಕ ಮುಖ ಮಾಡಿಕೊಂಡು, “ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ತಾಯಿ. ಬಲ್ಬೂ ಸೇರಿ ತಾನೆ?” ಅಂತ ಕೇಳಿ ಖಾತ್ರಿ ಮಾಡಿಕೊಂಡರು.

ಬಂದ ದಾರಿಯಲ್ಲೇ ಮೇಜು ಇಳಿಯಿತು, ದೀಪ ಎದುರು ಬಾಗಿಲು ದಾಟಿತು, ಸೋಫಾ ಮತ್ತೆ ಮೆಟ್ಟಿಲು ಹತ್ತಿತು. ಅದನ್ನು ಹೊತ್ತವನೂ ಇಸ್ತ್ರಿಯಣ್ಣನೇ. ಕೆಳಗಿನಿಂದ ಹೆಂಡತಿ, “ಹುಷಾರು ರೀ, ಅಕ್ಕನ ಸೋಫಾ ಗೋಡೆಗೆ ತಗಲೀತು!” ಅಂತ ಎಚ್ಚರಿಸುತ್ತಿದ್ದಳು.

ಮೇಲೆ ಸೋಫಾ ಇಳಿಸಿ, ಏದುಸಿರು ಬಿಡುತ್ತಾ ಅವನು ನರ್ಸಕ್ಕನ ಕಾಲಿಗೆ ಬೀಳುವುದೊಂದು ಬಾಕಿ. “ಅಕ್ಕಾ, ದಮ್ಮಯ್ಯ. ನಾಳೆ ಒಂದೇ ಒಂದು ದಿನ ಮತ್ತೆ ಕೊಡಿ. ಹೊಸದು ಅಂತ ಹೇಳಿ ಒಳಗಿಡ್ತೀನಿ, ಮೇಲೊಂದು ಬಟ್ಟೆ ಹೊದಿಸಿದ್ರೆ ಅವಳಿಗೆ ಗೊತ್ತಾಗಲ್ಲ.”

“ಛೆ ಛೆ, ಅದು ಮಾತ್ರ ಆಗಲ್ಲಪ್ಪ,” ಅಂದಳು ನರ್ಸಕ್ಕ. “ಅಷ್ಟು ಪ್ರೀತಿಯಿಂದ ಕೊಟ್ಟಿದ್ದಾಳೆ, ವಾಪಸ್ ಕೊಟ್ಟು ಯಾವ ಮುಖ ಇಟ್ಕೊಂಡು ಅವಳ ಮನೆಗೆ ಊಟಕ್ಕೆ ಹೋಗ್ಲಿ?”

“ಊಟಕ್ಕಾ? ಯಾವ ಊಟ?”

“ನಿನಗೆ ಹೇಳ್ಲಿಲ್ವಾ? ನಾಳೆ ರಾತ್ರಿ ನಮ್ಮನ್ನೆಲ್ಲ ಕರೆದಿದ್ದಾಳಪ್ಪ, ಓನರಮ್ಮನ್ನೂ ಸೇರಿಸಿ. ‘ನಮ್ಮ ಯಜಮಾನರು ಬೆಳಿಗ್ಗೆನೇ ಹೊಸ ಸೋಫಾ ತರ್ತಾರೆ, ಬಂದು ಕೂತು ನೋಡಿ’ ಅಂದ್ಲು.” ನರ್ಸಕ್ಕ ಕಾಲು ಚಾಚಿ ಮುಸುಕೆಳೆದುಕೊಂಡಳು. “ಸ್ವಲ್ಪ ಮೆತ್ತಗಿರೋದು ನೋಡಿ ತಗೊಳ್ಳಪ್ಪ. ಇದರ ಮೇಲೆ ಮಲಗೀ ಮಲಗೀ ನನ್ನ ಸೊಂಟ ಹಿಡ್ಕೊಂಡಿದೆ.”