ಕಿಟಕಿಯಲ್ಲಿ ಬಂದ ಕೂಸು

ಮಳವಳ್ಳಿ ಬಸ್ ನಿಲ್ದಾಣದಲ್ಲಿ ಮದ್ದೂರಿನ ಬಸ್ಸಿಗೆ ಸೀಟು ಹಿಡಿಯುವುದು ಒಂದು ವಿದ್ಯೆ. ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಗಳಲ್ಲಿ ಟವಲು, ಚೀಲ, ಛತ್ರಿ ಒಳಗೆ ಬೀಳುತ್ತವೆ. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ನೂಕುನುಗ್ಗಲು ಹೆಚ್ಚಿ ಟವಲಿನ ಮರ್ಯಾದೆ ಹೋಗಿದೆ. ಎತ್ತಿ ಆಚೆಗೆ ಬಿಸಾಡಿ ಕೂತುಬಿಡುತ್ತಾರೆ. ಮಗುವನ್ನು ಮಾತ್ರ ಯಾರೂ ಬಿಸಾಡುವುದಿಲ್ಲ. ಹಾಗಾಗಿ ಈಗೀಗ ಮಕ್ಕಳನ್ನೇ ಕಿಟಕಿಯಲ್ಲಿ ತೂರಿಸುತ್ತಾರೆ. ಬೆಳಕವಾಡಿಯ ಯತೀಶನಿಗೆ ಅಂದು ಬಂದ ಫಜೀತಿಯ ಮೂಲವೂ ಇಷ್ಟೇ.

ಯತೀಶ ಆರು ವರ್ಷದೊಳಗಿನ ಮಕ್ಕಳ ಶಿಕ್ಷಣದಲ್ಲಿ ಎಂ.ಎ. ಮಾಡಿದ್ದ. ಮೈಸೂರಿನಲ್ಲಿ ಎರಡು ವರ್ಷ ಓದಿ, ಮೂರು ವರ್ಷದ ಮಕ್ಕಳ ಹಠದ ಬಗ್ಗೆ ನೂರಿಪ್ಪತ್ತು ಪುಟದ ಪ್ರಬಂಧ ಬರೆದಿದ್ದ. ಊರಿನವರಿಗೆ ಇದು ಕೊನೆಗೂ ಅರ್ಥವಾಗಲಿಲ್ಲ. ಕೂಸು ಆಡಿಸುವುದಕ್ಕೂ ಎಂ.ಎ. ಬೇಕಾ, ನಮ್ಮಜ್ಜಿ ಹನ್ನೊಂದು ಮಕ್ಕಳನ್ನು ಯಾವ ಕಾಲೇಜಿಗೆ ಹೋಗಿ ಸಾಕಿದಳು ಎಂದು ಅರಳಿಕಟ್ಟೆಯಲ್ಲಿ ಕೇಳುತ್ತಿದ್ದರು. ಅಂಗನವಾಡಿಯಲ್ಲಿ ಗಂಡಸರಿಗೆ ಕೆಲಸವಿಲ್ಲ. ನರ್ಸರಿ ಶಾಲೆಯವರು ಅರ್ಜಿ ನೋಡಿ, ಬಾಗಿಲ ಕಡೆ ನೋಡಿ, ‘ಮೇಡಂ ಬೇಕಿತ್ತು ಸಾರ್’ ಎನ್ನುತ್ತಿದ್ದರು. ಬಿ.ಎಡ್. ಮಾಡಿದ್ದರೆ ಇಷ್ಟೊತ್ತಿಗೆ ಹೈಸ್ಕೂಲು ಮೇಷ್ಟ್ರಾಗಿರುತ್ತಿದ್ದೆ ಎಂದು ತಾಯಿ ದೇವಿರಮ್ಮ ದಿನಕ್ಕೊಮ್ಮೆ ಮುದ್ದೆಯ ಜೊತೆಗೇ ಬಡಿಸುತ್ತಿದ್ದಳು.

ಎರಡು ವರ್ಷದಲ್ಲಿ ಮೊದಲ ಸಲ ಮದ್ದೂರಿನ ಹೊಸ ಶಿಶುವಿಹಾರವೊಂದು ಅವನನ್ನು ಕರೆದಿತ್ತು. ಇದ್ದದ್ದು ಒಂದೇ ಹುದ್ದೆ. ಹನ್ನೊಂದಕ್ಕೆ ಸಂದರ್ಶನ. ಪತ್ರದ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ‘ಅಭ್ಯರ್ಥಿಗಳು ಜೊತೆಯಲ್ಲಿ ಮಕ್ಕಳನ್ನು ಕರೆತರಕೂಡದು’ ಎಂದು ಅಚ್ಚಾಗಿತ್ತು. ಮಕ್ಕಳ ಶಾಲೆಯವರೇ ಮಕ್ಕಳು ಬೇಡ ಅಂತಾರಲ್ಲ ಎಂದು ಯತೀಶ ಬೆಳಿಗ್ಗೆ ನಕ್ಕಿದ್ದ. ನಗಬಾರದಿತ್ತು.

ಮಳವಳ್ಳಿಯಲ್ಲಿ ಹೇಗೋ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಇಸ್ತ್ರಿ ಹಾಕಿದ ಬಿಳಿ ಅಂಗಿ ಮುದುರದಂತೆ ನೆಟ್ಟಗೆ ಕೂತ. ಅಷ್ಟರಲ್ಲಿ ಹೊರಗಿನಿಂದ ಹಸಿರು ಬಳೆಯ ಎರಡು ಕೈ ಮೇಲೆದ್ದವು. ಕೈಗಳ ತುದಿಯಲ್ಲಿ ಮೂರು ವರ್ಷದ ಹೆಣ್ಣುಮಗು.

“ಅಣ್ಣ, ಕೂಸ ಇಸ್ಕಳಿ. ಇಂದ್ಲ ಬಾಗ್ಲಲ್ಲಿ ಬತ್ತೀನಿ” ಎಂದಿತು ದನಿ.

ಇಸಿದುಕೊಂಡ. ಮಗುವನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ. ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು. ಕಾಲಿಡಲು ಜಾಗವಿಲ್ಲದ ಬಸ್ಸು. ತಾಯಿ ಹಿಂದೆಲ್ಲೋ ನಿಂತಿರಬೇಕೆಂದು ಸುಮ್ಮನಾದ.

ಎದುರು ಸೀಟಿನಲ್ಲಿ ಅವನ ಪಕ್ಕದ ಮನೆಯ ಸಿದ್ದರಾಮಣ್ಣ ಇದ್ದ. ಭಾರತೀನಗರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಬಾಯಿಗೆ ಮಾತ್ರ ರಜೆ ಇಲ್ಲ. “ನಮ್ ಯತೀಸ ಮಕ್ಳ ಇಸ್ಯದಲ್ಲೇ ಎಂಎ ಮಾಡವ್ನೆ. ಎಂಥ ಹಟದ ಕೂಸಾದ್ರೂ ಇವ್ನ್ ಕೈಗ್ ಕೊಡಿ, ಬಾಯ್ ಮುಚ್ಕತದೆ” ಎಂದು ಬಸ್ಸಿಗೆಲ್ಲ ಕೇಳುವಂತೆ ಸಾರಿದ. ನಿಂತು ನಿಂತು ಕಾಲು ನೋಯುತ್ತಿದ್ದ ತಾಯಂದಿರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. ಐದು ನಿಮಿಷದಲ್ಲಿ ಯತೀಶನ ತೊಡೆಯ ಮೇಲೆ ಇನ್ನೂ ಎರಡು ಮಕ್ಕಳು ಬಂದು ಕೂತವು. ಒಂದು ಅವನ ಪೆನ್ನು ಕಿತ್ತುಕೊಂಡಿತು. ಇನ್ನೊಂದು ಅಂಗಿಯ ಮೇಲೆ ಬಿಸ್ಕತ್ತು ಅರೆಯಿತು.

ಭಾರತೀನಗರದಲ್ಲಿ ಕಾಲೇಜು ಹುಡುಗರು, ಸಿದ್ದರಾಮಣ್ಣ, ಆ ಎರಡು ಮಕ್ಕಳ ತಾಯಂದಿರು ಎಲ್ಲ ಇಳಿದರು. ಬಸ್ಸು ಅರ್ಧ ಖಾಲಿಯಾಯಿತು. ಹಿಂದೆ ತಿರುಗಿ ನೋಡಿದರೆ ಹಸಿರು ಬಳೆಯ ಕೈ ಒಂದೂ ಇಲ್ಲ. ಮಗು ಮಾತ್ರ ಸೀಟು ಬಿಟ್ಟು ಕದಲದೆ ಕೂತಿತ್ತು. ಹೆಸರು ಕೇಳಿದ. ‘ಗಗನ’ ಎಂದಿತು. ಅವ್ವ ಎಲ್ಲಿ ಎಂದು ಕೇಳಿದ. ಅದು ಕೇಳಬಾರದ ಪ್ರಶ್ನೆಯಾಗಿತ್ತು. ಗಗನ ಆಗ ಬಾಯಿ ತೆರೆದವಳು ಮುಚ್ಚಲಿಲ್ಲ.

ಅಳುವ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದು ಮಾತಾಡಬೇಕು ಎಂದು ಪ್ರಬಂಧದಲ್ಲಿ ತಾನೇ ಬರೆದಿದ್ದ. ಸೀಟುಗಳ ನಡುವೆ ಮಂಡಿಯೂರಿ, ‘ನಿನಗೆ ಬೇಜಾರಾಗಿದೆ ಅಂತ ನನಗೆ ಗೊತ್ತಾಗ್ತಿದೆ’ ಎಂದು ಶುರುಮಾಡಿದ. ಡ್ರೈವರು ಬ್ರೇಕು ಹಾಕಿದ. ಯತೀಶ ಮುಂದೆ ಜಾರಿ, ಮದ್ದೂರಿಗೆ ಸೊಪ್ಪು ಮಾರಲು ಹೊರಟಿದ್ದ ಬೆಳ್ಳಮ್ಮನ ಬುಟ್ಟಿಯೊಳಗೆ ತಲೆಯಿಟ್ಟ. ಮುದುಕಿ ಅವನ ಕಿವಿಯ ಮೇಲಿದ್ದ ಕೀರೆ ಸೊಪ್ಪನ್ನು ತೆಗೆದು ಬುಟ್ಟಿಗೇ ಹಾಕಿಕೊಂಡು, ಮಡಿಲಿಂದ ಒಂದು ಚೂರು ಬೆಲ್ಲ ತೆಗೆದು ಮಗುವಿನ ಬಾಯಿಗಿಟ್ಟಳು. ಅಳು ನಿಂತಿತು.

“ಎಷ್ಟ್ ವರ್ಸ ಓದ್ದೆ ಅಂದೆ ಮಗ?” ಎಂದು ಕೇಳಿದಳು. ಯತೀಶ ಮಂಡಿಯ ಧೂಳು ಕೊಡವಿಕೊಂಡು ಎದ್ದ.

ಕಂಡಕ್ಟರು ಮಳವಳ್ಳಿ ನಿಲ್ದಾಣಕ್ಕೆ ಫೋನು ಮಾಡಿದ. ತಾಯಿ ಅಲ್ಲೇ ಅಳುತ್ತಾ ನಿಂತಿದ್ದಳಂತೆ. ಮಕ್ಕಳ ವಿಷಯದಲ್ಲೇ ಎಂ.ಎ. ಮಾಡಿದವರ ಕೈಯಲ್ಲಿ ಕೂಸಿದೆ ಎಂದು ಹೇಳಿ ಸಮಾಧಾನ ಮಾಡಿದ, ಯತೀಶನ ನಂಬರನ್ನೂ ಅವನನ್ನು ಕೇಳದೆ ಕೊಟ್ಟ. ಮದ್ದೂರು ನಿಲ್ದಾಣದಲ್ಲಿ ಕಾಯಬೇಕು, ಬಂದು ಕರೆದುಕೊಂಡು ಹೋಗುತ್ತಾಳೆ ಎಂದ.

ಮದ್ದೂರು ತಲುಪಿದಾಗ ಹತ್ತು ಗಂಟೆ. ಹತ್ತೂಕಾಲಿನ ಬಸ್ಸು ಬಂತು, ತಾಯಿ ಬರಲಿಲ್ಲ. ಹತ್ತೂ ನಲವತ್ತಕ್ಕೆ ಫೋನು ಬಂತು.

“ಅಣ್ಣ, ನಾನು ಗಗನಳ ಅವ್ವ, ಅರುಂಧತಿ. ಯಾರ್ದೋ ಬೈಕಲ್ಲಿ ಮದ್ದೂರ್ಗೇ ಬಂದಿವ್ನಿ. ಒಂದ್ ಕೆಲ್ಸ ಐತೆ, ಈಗ ಬುಟ್ರೆ ಮತ್ತೆ ಸಿಕ್ಕಾಕಿಲ್ಲ. ಕೂಸ ಒಂದ್ ಚೂರು ಇಟ್ಕಂಡಿರಿ, ನಿಮ್ಮ ಕಾಲ್ಗ್ ಬೀಳ್ತೀನಿ.”

ತನಗೂ ಕೆಲಸವಿದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಗಿತ್ತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ನಿಲ್ದಾಣದ ಬಾಗಿಲಲ್ಲಿ ಸೊಪ್ಪು ಹರಡಿ ಕೂತಿದ್ದ ಬೆಳ್ಳಮ್ಮನಿಗೆ ಎಲ್ಲ ಹೇಳಿದ. ಕೂಸನ್ನು ತನ್ನ ಪಕ್ಕ ಕೂರಿಸಿ ಹೋಗು, ಬೆಲ್ಲ ಇನ್ನೂ ಇದೆ ಎಂದಳು. ಯತೀಶ ಕೂರಿಸಿದ, ಮಗು ಸೊಪ್ಪು ನೋಡುತ್ತಿರುವಾಗ ಮೆಲ್ಲನೆ ಹೋಗಿ ಆಟೋಗೆ ಒಂದು ಕಾಲಿಟ್ಟ. ಹಿಂದಿನಿಂದ ಅಳು ಕೇಳಿಸಿತು. ಈ ಸಲ ಅದು ಅವ್ವ ಎನ್ನುತ್ತಿರಲಿಲ್ಲ, ಮಾವ ಎನ್ನುತ್ತಿತ್ತು.

ಮಗು ಒಮ್ಮೆ ನಂಬಿದವರು ಅದಕ್ಕೆ ಹೇಳದೆ ಕಣ್ಮರೆಯಾಗಕೂಡದು. ಅವನ ಪ್ರಬಂಧದ ನಲವತ್ತೊಂದನೆಯ ಪುಟ. ಬರೆಯುವಾಗ ಎಷ್ಟು ಸಲೀಸಾಗಿತ್ತು. ಯತೀಶನಿಗೆ ತನ್ನ ಓದಿನ ಮೇಲೆಯೇ ಸಿಟ್ಟು ಬಂತು. ಬಿ.ಎಡ್. ಮಾಡಿದ್ದರೆ ಈ ಆಟೋ ಹತ್ತಿ ಹೋಗಬಹುದಿತ್ತು. ಇಟ್ಟ ಕಾಲನ್ನು ತೆಗೆದ.

ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ಸಂಕಟಪಟ್ಟು ಪಟ್ಟು ಕೊನೆಗೆ ಅದೂ ಮುಗಿಯಿತು. ಹೋಟೆಲಿನಿಂದ ಎರಡು ವಡೆ ತಂದ. ಗಗನ ವಡೆಯನ್ನು ಮುರಿದು ಈರುಳ್ಳಿಯನ್ನೆಲ್ಲ ಹೆಕ್ಕಿ ಅವನ ಅಂಗೈಗೆ ಹಾಕಿದಳು. ಅವನು ಒಂದು, ಎರಡು ಎಂದು ಎಣಿಸಿದ. ಅವಳು ಎರಡಾದ ಮೇಲೆ ನೇರ ಏಳಕ್ಕೆ ಹಾರಿದಳು. ಎಣ್ಣೆ ಮೆತ್ತಿದ ಕೈಯನ್ನು ಅವನ ಬಿಳಿ ಅಂಗಿಗೇ ಒರೆಸಿ, ಅಂಗಿಯ ಗುಂಡಿ ಹಿಡಿದುಕೊಂಡು ತೊಡೆಯ ಮೇಲೆ ನಿದ್ದೆಹೋದಳು. ನಿಜ ಹೇಳಬೇಕೆಂದರೆ, ಓದು ಮುಗಿಸಿದ ಎರಡು ವರ್ಷದಲ್ಲಿ ಯತೀಶ ಇಷ್ಟು ಖುಷಿಯಾಗಿ ಒಂದು ಗಂಟೆ ಕಳೆದಿರಲಿಲ್ಲ.

ಹನ್ನೆರಡೂಕಾಲಿಗೆ ಹಸಿರು ಬಳೆಯ ಕೈಗಳು ಓಡಿ ಬಂದವು. ಒಂದರಲ್ಲಿ ಮೈಸೂರುಪಾಕಿನ ಪೊಟ್ಟಣ. ಅರುಂಧತಿಯ ಕಣ್ಣಲ್ಲಿ ನೀರು, ಮುಖದ ತುಂಬ ನಗು.

“ಕೆಲ್ಸ ಆಯ್ತು ಕಣಣ್ಣ, ಹೊಸ ಸಿಸುವಿಹಾರದಲ್ಲಿ. ಕೂಸ ಕರ್ಕಬರಬ್ಯಾಡಿ ಅಂತ ಬರ್ದಿದ್ರು, ಇಲ್ಲೇ ಚಿಕ್ಕಮ್ಮನ ಮನೇಲಿ ಬುಡವ ಅಂತ ಹೊಂಟಿದ್ದೆ. ಕೂಸು ನಿಮ್ಮ ತಾವಿತ್ತಲ್ಲ, ಧೈರ್ಯವಾಗಿ ನೇರ ಒಳೀಕೆ ಹೋದೆ.”

ಯತೀಶ ಬಾಯಿ ತೆರೆದ. ಅದಕ್ಕೆ ಅವಳು ಮೈಸೂರುಪಾಕು ಹಾಕಿದಳು. ಮಿಕ್ಕಿದ್ದನ್ನೂ ಹೇಳಿದಳು. ಯಾರೋ ಗಂಡಸರೊಬ್ಬರನ್ನು ಕರೆದಿದ್ದರಂತೆ, ಕೆಲಸ ಅವರಿಗೇ ಎಂದು ಮೊದಲೇ ತೀರ್ಮಾನವಾಗಿತ್ತಂತೆ. ಹೊತ್ತಿಗೆ ಸರಿಯಾಗಿ ಬರದವರು ಮಕ್ಕಳನ್ನೇನು ನೋಡಿಕೊಂಡಾರು ಎಂದು ಹೆಸರು ಹೊಡೆದುಹಾಕಿದರಂತೆ. ಆಮೇಲೆ ಉಳಿದವರಿಗೆಲ್ಲ ಒಂದೇ ಪ್ರಶ್ನೆ: ನೀವು ಕೆಲಸಕ್ಕೆ ಬಂದರೆ ನಿಮ್ಮ ಮಗುವನ್ನು ನೋಡಿಕೊಳ್ಳುವವರು ಯಾರು?

“ಎಲ್ರೂ ಅತ್ತೆ ಅವ್ರೆ, ಅಕ್ಕ ಅವ್ರೆ ಅಂದ್ರು. ನಾನು, ಮಕ್ಳ ಇಸ್ಯದಲ್ಲೇ ಎಂಎ ಮಾಡಿರೋ ಒಬ್ಬಣ್ಣ ನೋಡ್ಕತಾರೆ ಅಂದೆ. ಅಷ್ಟಕ್ಕೇ ಕೊಟ್ಬುಟ್ರು. ನೀವೇನಕ್ ಬಂದಿದ್ರಿ ಅಣ್ಣ ಮದ್ದೂರ್ಗೆ?”

ಯತೀಶ ಮೈಸೂರುಪಾಕು ನುಂಗಿದ.

“ವಡೆ ತಿನ್ನಕೆ ಕಣಮ್ಮ” ಎಂದ.

ಅರುಂಧತಿ ಮಗುವನ್ನು ಎತ್ತಿಕೊಳ್ಳಲು ನೋಡಿದಳು. ನಿದ್ದೆಯಲ್ಲೂ ಗಗನ ಗುಂಡಿ ಬಿಡಲಿಲ್ಲ. ಅವಳು ಅಲ್ಲೇ ನಿಂತು, ಸೆರಗಿನ ತುದಿ ತಿರುಚುತ್ತಾ, ಸಣ್ಣ ದನಿಯಲ್ಲಿ ಶುರುಮಾಡಿದಳು. ಸೋಮವಾರದಿಂದಲೇ ಬರಲು ಹೇಳಿದ್ದಾರೆ, ಎಂ.ಎ. ಅಣ್ಣನ ವಿಷಯ ರಿಜಿಸ್ಟರಿನಲ್ಲೂ ಬರೆದುಕೊಂಡಿದ್ದಾರೆ, ಈಗ ಇಲ್ಲ ಎಂದರೆ ಕೆಲಸ ಹೋಗುತ್ತದೆ.

ಯತೀಶ ತನ್ನ ಅಂಗಿಯ ಗುಂಡಿಯನ್ನೂ ಅದನ್ನು ಹಿಡಿದ ಪುಟ್ಟ ಕೈಯನ್ನೂ ನೋಡಿದ.

“ಸೋಮವಾರ ಯಾವ ಬಸ್ಸು?” ಎಂದು ಕೇಳಿದ.