ಅವ್ವನಿಗೆ ತಂದ ಫಾರಿನ್ ನಳ

ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಇಸ್ಪೀಟು, ಇನ್ನು ಕೆಲವರಿಗೆ ಕಂಡಕಂಡವರಿಗೆ ಬುದ್ಧಿ ಹೇಳುವುದು. ನನ್ನದು ಈ ಕೊನೆಯದು. ಎಲೆ ಅಡಿಕೆಯನ್ನು ವೈದ್ಯರು ಬಿಡಿಸಬಹುದು, ಇಸ್ಪೀಟನ್ನು ಪೊಲೀಸರು ಬಿಡಿಸಬಹುದು. ನನ್ನ ಚಟಕ್ಕೆ ಮಾತ್ರ ಮದ್ದಿಲ್ಲ, ಯಾಕೆಂದರೆ ಅದರಿಂದಲೇ ನನ್ನ ಹೊಟ್ಟೆ ತುಂಬುತ್ತದೆ. ಹೊಸಪೇಟೆಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನನ್ನದೊಂದು ಅಂಗಡಿ ಇದೆ. ಪಂಪ್‌ಸೆಟ್ಟು, ಸ್ಟಾರ್ಟರು, ಕೇಬಲ್ಲು, ಫ್ಯೂಸು ಮಾರುತ್ತೇನೆ. ಗಾದಿಗನೂರಿನಿಂದಲೋ ಕಂಪ್ಲಿಯಿಂದಲೋ ಬಂದ ರೈತ “ಸ್ವಲ್ಪ ಕಮ್ಮೀದು ಯಾವುದಾರ ಐತೇನ್ರಿ?” ಎಂದು ಬಾಯಿ ತೆರೆದರೆ ಸಾಕು, ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಉಪದೇಶ ಶುರು ಮಾಡುತ್ತೇನೆ. “ನೋಡಪಾ, ಐಎಸ್‌ಐ ಗುರುತು ಇಲ್ಲದ ಮಾಲು ಮುಟ್ಟಬ್ಯಾಡ. ಅರ್ಥ್ ವೈರ್ ಇಲ್ಲದ ಮೋಟ್ರು ಅಂದ್ರ ಮೂಗುದಾರ ಇಲ್ಲದ ಹೋರಿ ಇದ್ದಂಗ. ಯಾವಾಗ ಹಾಯ್ತೈತಿ ಹೇಳಾಕ ಬರಲ್ಲ.” ಈ ಹೋರಿಯ ಮಾತು ನನ್ನದೇ ಸ್ವಂತದ್ದು. ರೈತರು ಅದಕ್ಕೆ ತಲೆದೂಗುತ್ತಾರೆ. ತಲೆದೂಗಿ, ಕಮ್ಮೀದನ್ನೇ ಕೊಳ್ಳಲು ಪಕ್ಕದ ಅಂಗಡಿಗೆ ಹೋಗುತ್ತಾರೆ, ಆ ಮಾತು ಬೇರೆ.

ಹೀಗೆ ಊರಿಗೆಲ್ಲ ಬುದ್ಧಿ ಹೇಳುವ ನನಗೆ ಫಾರಿನ್ ಸಾಮಾನು ಕಂಡರೆ ಬುದ್ಧಿ ನಿಲ್ಲುವುದಿಲ್ಲ. ತಪ್ಪು ನನ್ನದಲ್ಲ, ಊರಿನದು. ಹಂಪಿಯ ಮಗ್ಗುಲಲ್ಲಿ ಬೆಳೆದವರಿಗೆ ಪರದೇಶವೆಂಬುದು ದೂರವೇನಲ್ಲ. ಬಾಡಿಗೆ ಸೈಕಲ್ ಹತ್ತಿ, ಚಡ್ಡಿ ಹಾಕಿಕೊಂಡು ನಮ್ಮೆದುರಿಗೇ ಓಡಾಡುತ್ತಿತ್ತು. ದರೋಜಿಯಲ್ಲಿದ್ದ ನಮ್ಮ ದೊಡ್ಡಪ್ಪನಿಗೆ ಹಂಪಿಯಲ್ಲಿ ಒಬ್ಬ ಬಿಳಿಯ ಪ್ರವಾಸಿ ಒಂದು ಟಾರ್ಚು ಕೊಟ್ಟು ಹೋಗಿದ್ದ. ಕರಿ ಬಣ್ಣದ, ಮೊಳಕೈಯಷ್ಟು ಉದ್ದದ ಟಾರ್ಚು. ಅದಕ್ಕೆ ಕೂರುವ ಸೆಲ್ಲು ಹೊಸಪೇಟೆಯಲ್ಲೂ ಸಿಗಲಿಲ್ಲ, ಬಳ್ಳಾರಿಯಲ್ಲೂ ಸಿಗಲಿಲ್ಲ. ಆದರೂ ದೊಡ್ಡಪ್ಪ ಅದನ್ನು ರೇಷ್ಮೆ ಸೀರೆಗಳ ನಡುವೆ ಇಟ್ಟು, ಬಂದ ಬೀಗರಿಗೆಲ್ಲ ತೆಗೆದು ತೋರಿಸುತ್ತಿದ್ದ. ಒಮ್ಮೆ ಶೇಂಗಾ ಹೊಲಕ್ಕೆ ಕರಡಿ ಬಂತೆಂದು ಗದ್ದಲವಾದಾಗ ಇದೇ ಟಾರ್ಚು ಹಿಡಿದು ಮುಂದೆ ನುಗ್ಗಿದ. ಬೆಳಕು ಬರುವುದಿಲ್ಲ ಎಂಬುದು ಅವನಿಗೆ ಹೊಲದ ನಡುವೆ ನೆನಪಾಯಿತು. ಕರಡಿ ಓಡಿದ್ದು ದೊಡ್ಡವ್ವ ಸ್ಟೀಲ್ ತಾಟು ಬಡಿದದ್ದಕ್ಕೆ. ಆದರೆ ಮರುದಿನದಿಂದ ದೊಡ್ಡಪ್ಪ ಹೇಳಿದ ಕಥೆಯಲ್ಲಿ ಕರಡಿ ಟಾರ್ಚು ನೋಡಿಯೇ ಓಡಿತ್ತು. ಆ ರಕ್ತವೇ ನನ್ನಲ್ಲೂ ಹರಿಯುತ್ತಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಅವ್ವನ ಬಚ್ಚಲಿನ ಗೀಸರು ಕೆಟ್ಟಿತು. ಮಹಡಿಯ ಬಚ್ಚಲಿಗೆ ಸೋಲಾರ್ ನೀರು ಬರುತ್ತದೆ, ಅಲ್ಲಿ ನಾನು ಮತ್ತು ಹೆಂಡತಿ ಗಿರಿಜಾ ಸ್ನಾನ ಮಾಡುತ್ತೇವೆ. ಅವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗದು. ಹಾಗಾಗಿ ಕೆಳಗಿನ ಬಚ್ಚಲು ಅವಳದೇ. ನಸುಕಿನಲ್ಲಿ ಎದ್ದು ಮೈತೊಳೆದು ಲಿಂಗಪೂಜೆ ಮುಗಿಯುವ ತನಕ ಅವಳು ಹನಿ ಚಹಾ ಕುಡಿಯುವವಳಲ್ಲ. ಕೆಟ್ಟ ಗೀಸರು ನಮ್ಮ ದೇಶದ್ದೇ, ವರ್ಷಗಟ್ಟಲೆ ದುಡಿದು, ತಳ ತುಕ್ಕು ಹಿಡಿದು ಮರ್ಯಾದೆಯಿಂದ ಸತ್ತದ್ದು. “ಅದಾ ಕಂಪ್ನೀದು ಇನ್ನೊಂದು ತರ್ರಿ, ಸುಮ್ನ ತಲಿ ಓಡಿಸಬ್ಯಾಡ್ರಿ” ಎಂದಳು ಗಿರಿಜಾ. ತಲೆ ಓಡಿಸಬೇಡಿ ಎಂದು ಹೆಂಡತಿ ಹೇಳಿದ ಮೇಲೂ ಓಡಿಸದೆ ಇರಲು ನಾನೇನು ಸಾಧುವೇ? ಫೋನಿನಲ್ಲಿ ನೋಡಿದೆ, ಒತ್ತಿದೆ, ತರಿಸಿದೆ.

ಬಂದದ್ದು ಗೀಸರಲ್ಲ, ಬರೀ ನಳ. ತಿರುವಿದರೆ ಸಾಕು, ನಳದ ಹೊಟ್ಟೆಯಲ್ಲೇ ನೀರು ಕಾದು ಬಿಸಿಯಾಗಿ ಬೀಳುತ್ತದೆ. ಮೂತಿ ಬೆಳ್ಳಿಯಂತೆ ಫಳಫಳ, ನೆತ್ತಿಯ ಮೇಲೆ ನೀರು ಎಷ್ಟು ಬಿಸಿಯಿದೆ ಎಂದು ನೀಲಿ ಅಂಕಿಯಲ್ಲಿ ತೋರಿಸುವ ದೀಪ. ಡಬ್ಬಿಯ ಮೇಲೆ ಏನೋ ಚಿತ್ರದಂಥ ಲಿಪಿ. ಬಳಸುವ ವಿಧಾನದ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಒಂದೇ ವಾಕ್ಯವಿತ್ತು, ಅದರ ಅರ್ಥ ಸುಮಾರಾಗಿ ‘ದಯವಿಟ್ಟು ಬಿಸಿಯಾಗಿ ಸಂತೋಷಪಡಿರಿ’ ಎಂದು. ಐಎಸ್‌ಐ ಗುರುತು ಹುಡುಕಿದೆ ಎಂದರೆ ಸುಳ್ಳಾಗುತ್ತದೆ; ಹುಡುಕಲೇ ಇಲ್ಲ. ವೈರಿನ ತುದಿಯಲ್ಲಿ ಎರಡೇ ಪಿನ್ನು. ಮೂರನೆಯ ಪಿನ್ನು, ಅಂದರೆ ಅರ್ಥ್, ಅಂದರೆ ಹೋರಿಯ ಮೂಗುದಾರ, ಇರಲಿಲ್ಲ. ರೈತನೊಬ್ಬ ಇಂಥದ್ದನ್ನು ಅಂಗಡಿಗೆ ತಂದಿದ್ದರೆ ಅರ್ಧ ತಾಸು ಬೈದು ಕಳಿಸುತ್ತಿದ್ದೆ. ಈಗ ಮಾತ್ರ, ಅಷ್ಟು ಮುಂದುವರಿದ ದೇಶದವರು ಏನೋ ಯೋಚಿಸಿಯೇ ಮಾಡಿರಬೇಕು ಎಂದುಕೊಂಡು ಒಂದು ಅಡಾಪ್ಟರ್ ಸಿಕ್ಕಿಸಿ ಜೋಡಿಸಿಬಿಟ್ಟೆ.

ನಮ್ಮ ಮನೆಗೆ ಹೊಸ ಸಾಮಾನು ಏನೇ ಬರಲಿ, ಅದು ಕುಕ್ಕರಿರಲಿ ಫ್ರಿಜ್ಜಿರಲಿ, ಅವ್ವ ವಿಭೂತಿ ಎಳೆದು, ಕುಂಕುಮ ಇಟ್ಟು, ಕಾಯಿ ಒಡೆದು, ಆ ನೀರನ್ನು ಅದರ ಮೇಲೆ ಚಿಮುಕಿಸಬೇಕು. ಅಂದೂ ಹಾಗೇ ಮಾಡಿದಳು. ನಾನು ಸ್ವಿಚ್ ಹಾಕಿದೆ. ಟಪ್ ಎಂದು ಮನೆಯ ಕರೆಂಟೆಲ್ಲ ಹೋಯಿತು. ನನಗೆಲ್ಲಿತ್ತೋ ಸಿಟ್ಟು. “ಎವ್ವಾ, ಇದು ಫಾರಿನ್ ಮಾಲು! ಇದಕ್ಕ ನಿನ್ನ ಕಾಯಿನೀರು ಆಗಿಬರಲ್ಲ. ಬಂದ ದಿನಾನ ಕೆಡಿಸಿ ಬಿಟ್ಟಿ ನೋಡು!” ಎಂದು ಕೂಗಾಡಿದೆ. ಅವ್ವ ಕೈಯಲ್ಲಿದ್ದ ಕಾಯಿ ಹೋಳನ್ನು ಸೆರಗಿನೊಳಗೆ ಇಟ್ಟುಕೊಂಡು ಒಳಗೆ ಹೋದಳು. ನಾನು ನಳವನ್ನು ಮಗುವಿನಂತೆ ಒರೆಸಿ, ಫ್ಯೂಸು ಹಾಕಿ, ಮತ್ತೆ ಶುರು ಮಾಡಿದೆ. ನೀಲಿ ಅಂಕಿ ಬೆಳಗಿತು, ಬಿಸಿನೀರು ಬಂತು. ನಾನು ಗೆದ್ದೆ ಎಂದುಕೊಂಡೆ.

ಮರುದಿನ ಅವ್ವ ಬಚ್ಚಲಿನಿಂದ ಹೊರಬರುವುದನ್ನೇ ಕಾದು ನಿಂತು “ಹೆಂಗೈತವ್ವಾ?” ಎಂದು ಕೇಳಿದೆ. “ಬಿಸಿ ಚಲೋ ಬರ್ತೈತಪಾ. ಆದ್ರ ತಿರುವಾಕ ಹೋದ್ರ ಕೈಗೆ ಯಾಕೋ ಜುಮ್ ಅಂತೈತಿ…” ಎಂದಳು. ಅವಳ ಮಾತು ಮುಗಿಯುವ ಮೊದಲೇ ನಾನು, “ಅದಾ ಅದರ ಮಜಾ! ರಕ್ತ ಓಡಾಡ್ಲಿ ಅಂತ ಹಂಗ ಮಾಡಿರ್ತಾರ. ಮೊಣಕಾಲಿಗೆ ಭಾಳ ಒಳ್ಳೇದು” ಎಂದೆ. ಎಲ್ಲಿಂದ ಹೊಳೆಯಿತೋ ಈ ವೈದ್ಯಶಾಸ್ತ್ರ, ನನಗೇ ಗೊತ್ತಿಲ್ಲ. ಅವ್ವ ನನ್ನ ಮುಖ ನೋಡಿ, “ಹೌದೇನು? ಹಂಗಾದ್ರ ಚಲೋನ ಐತಿ ಬಿಡು” ಎಂದಳು. ಆಮೇಲೆ ಕೇಳಿದಾಗಲೆಲ್ಲ ಅದೇ ಉತ್ತರ, ಚಲೋ ಐತಿ. ಒಂದು ದಿನ ಊಟಕ್ಕೆ ಕೂರುವ ಮರದ ಮಣೆಯನ್ನು ಬಚ್ಚಲಿಗೆ ಒಯ್ದಳು. ಯಾಕೆ ಎಂದು ಕೇಳಿದರೆ, ಕೂತೇಳಲು ಎತ್ತರ ಬೇಕು ಎಂದಳು. ಇನ್ನೊಂದು ದಿನ ನಳದ ಹಿಡಿಗೆ ಹಳೆಯ ಸೀರೆಯ ಚಿಂದಿ ಸುತ್ತಿದ್ದಳು. ದೃಷ್ಟಿ ತಾಗದಿರಲೆಂದು ಕಟ್ಟಿರಬೇಕು ಎಂದು ತಿಳಿದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಹೆಮ್ಮೆ ಮನೆಯೊಳಗೆ ಹಿಡಿಸದೆ ಅಂಗಡಿಗೂ ಬಂತು. ಕಂಪ್ಲಿಯ ವಿರುಪಣ್ಣ ನನ್ನ ಹಳೆಯ ಗಿರಾಕಿ, ಭತ್ತ ಕಬ್ಬು ಬೆಳೆಯುವವನು. ಅವನನ್ನು ಕೂರಿಸಿಕೊಂಡು ನಳದ ಪುರಾಣ ಹೇಳಿದೆ. ಬಿಸಿನೀರೂ ಆಯಿತು, ಮೊಣಕಾಲಿಗೆ ಔಷಧವೂ ಆಯಿತು, ನಿಮ್ಮ ತಾಯಿಗೂ ಒಂದು ತರಿಸಿಬಿಡಿ ಎಂದೆ. “ಆಗಲ್ರಿ ಸಾವ್ಕಾರ್ರ, ತರಿಸಾನು” ಎಂದು ವಿರುಪಣ್ಣ ಕೇಬಲ್ ಸುರುಳಿ ಹೆಗಲಿಗೇರಿಸಿಕೊಂಡು ಹೋದ.

ಇದಾಗಿ ಕೆಲವೇ ದಿನಕ್ಕೆ, ನಾನು ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಕೆಳಗಿನ ಬಚ್ಚಲಿನಿಂದ ಕೊಡ ಉರುಳಿದ ಸದ್ದು, ಹಿಂದೆಯೇ ಗಿರಿಜಾಳ ಚೀರಾಟ. ಓಡಿಹೋಗಿ ನೋಡಿದರೆ ಅವಳು ಗೋಡೆಗೆ ಅಂಟಿಕೊಂಡು ಕೈ ಜಾಡಿಸುತ್ತಿದ್ದಾಳೆ. ಬಚ್ಚಲು ತೊಳೆಯಲು ಸ್ಟೀಲಿನ ಕೊಡಕ್ಕೆ ಬಿಸಿನೀರು ಹಿಡಿಯುತ್ತಿದ್ದಳಂತೆ. “ನಳ ಕಚ್ಚತೈತ್ರೀ!” ಎಂದಳು. ನನ್ನ ಜೇಬಿನಲ್ಲಿ ಟೆಸ್ಟರು ಯಾವಾಗಲೂ ಇರುತ್ತದೆ, ವ್ಯಾಪಾರದ ರೂಢಿ. ನಳದ ಬೆಳ್ಳಿ ಮೂತಿಗೆ ಅದನ್ನು ತಾಗಿಸಿದೆ. ಟೆಸ್ಟರಿನ ಹೊಟ್ಟೆಯಲ್ಲಿ ಕರೆಂಟಿದೆ ಎನ್ನುವ ಕೆಂಪು ದೀಪ ಹತ್ತಿತು. ಆ ದೀಪವನ್ನು ನಾನು ಸಾವಿರ ಮೋಟ್ರುಗಳಲ್ಲಿ ನೋಡಿದ್ದೇನೆ, ಎಂದೂ ಹೆದರಿದವನಲ್ಲ. ಅಂದು ಹೆದರಿದೆ. ಇದೇ ನಳದ ಕೆಳಗೆ ದಿನಾ ನಸುಕಿನಲ್ಲಿ, ಒದ್ದೆ ನೆಲದಲ್ಲಿ, ಬಾಗಿಲು ಹಾಕಿಕೊಂಡು, ನನ್ನ ಅವ್ವ ಒಬ್ಬಳೇ. ಸತ್ತೇ ಹೋಗಬಹುದಿತ್ತು. ಔಷಧ ಎಂದು ಹೇಳಿದವನು ನಾನೇ.

ಗಿರಿಜಾ ಬೈಯುತ್ತಾಳೆ ಎಂದು ಕಾದೆ. ಅವಳು ಮೇನ್ ಸ್ವಿಚ್ ಆರಿಸಿ ಬಂದು, ನಳವನ್ನು ದುರುಗುಟ್ಟಿ ನೋಡುತ್ತ, “ಸಂಡೂರು ಗುಡ್ಡದ ಕಬ್ಬಿಣದ ಮಣ್ಣು ರೈಲು ಹತ್ತಿ ಹಡಗು ಹತ್ತಿ ಪರದೇಶಕ್ಕ ಹೊಕ್ಕೈತಿ. ಅಲ್ಲಿಂದ ಈ ನಳ ಆಗಿ ಬಂದು ನಮಗ ಕರೆಂಟ್ ಹೊಡೀತೈತಿ. ಅದಕ್ಕ ನೀವು ರೊಕ್ಕ ಬ್ಯಾರೆ ಕೊಟ್ಟೀರಿ” ಎಂದಳು. ನಳದಲ್ಲಿ ಸಂಡೂರಿನ ಮಣ್ಣು ಎಷ್ಟಿತ್ತೋ ಕಾಣೆ, ವಾದ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಗ ನೆನಪಾದದ್ದು ವಿರುಪಣ್ಣ. ಕೂಡಲೇ ಫೋನು ಹಚ್ಚಿ, “ವಿರುಪಣ್ಣಾ, ಆ ನಳ ಬಂದಿದ್ರ ಹಚ್ಚಬ್ಯಾಡ್ರಿ!” ಎಂದು ಒದರಿದೆ. ಅವನು ನಿಧಾನವಾಗಿ, “ನಾ ತರಿಸೇ ಇಲ್ರಿ ಸಾವ್ಕಾರ್ರ. ಅಷ್ಟು ಚಲೋ ಮಾಲಾಗಿದ್ರ ನೀವು ಅಂಗಡ್ಯಾಗ ಇಟ್ಟು ಮಾರ್ತಿದ್ರಿ. ಬರೇ ಬಾಯಿಲೆ ಹೊಗಳಿದ್ರಿ ಅಂದಮ್ಯಾಲೆ ಏನೋ ಐತಿ ಅಂದ್ಕಂಡು ಸುಮ್ಕಾದೆ” ಎಂದ. ನನ್ನ ಉಪದೇಶವನ್ನು ಕೇಳದ ಗಿರಾಕಿಗಳ ಮೇಲೆ ನನಗೆ ಮೊದಲ ಬಾರಿ ಪ್ರೀತಿ ಉಕ್ಕಿತು.

ಅಂದು ಮಧ್ಯಾಹ್ನವೇ ಗೀಸರು ಬಂತು. ನಮ್ಮ ದೇಶದ್ದು, ಐಎಸ್‌ಐ ಗುರುತಿನದು, ದಪ್ಪ ವೈರಿಗೆ ಮೂರು ಪಿನ್ನಿನದು. ಚಂದ ಏನೂ ಇಲ್ಲ, ಬಿಳಿ ಡ್ರಮ್ಮು. ಜೋಡಿಸಲು ಬಂದ ಕಂಪನಿಯವನು ಕೆಲಸ ಮುಗಿಸಿ, ಸ್ವಿಚ್ ಹಾಕದೆ ಕೈಕಟ್ಟಿ ನಿಂತ. “ಪೂಜಿ ಮಾಡೋರು ಇದ್ರ ಈಗ ಮಾಡ್ಕಳ್ರಿ, ಕಾಯಿನೀರು ವೈರಿನ ಕಡಿ ಹಾಕಬ್ಯಾಡ್ರಿ, ಈ ಕಡಿ ಹಾಕ್ರಿ” ಎಂದ. ಇಂಥ ಮಾತು ಆ ನೀಲಿ ಅಂಕಿಯ ನಳದ ಹಾಳೆಯಲ್ಲಿ ಎಲ್ಲಿತ್ತು? ಅದನ್ನು ಮಾಡಿದವರು ಕೆಟ್ಟವರೆಂದಲ್ಲ, ಅವರಿಗೆ ನಮ್ಮವ್ವನ ಸುದ್ದಿ ಗೊತ್ತಿಲ್ಲ. ನಮ್ಮ ದೇಶದಲ್ಲಿ ಮಾಡುವವರ ಮನೆಯಲ್ಲೂ ಒಬ್ಬ ಅವ್ವ ಇರುತ್ತಾಳೆ, ಆಯುಧಪೂಜೆ ಬಂದರೆ ಅವಳೂ ಎಲ್ಲದಕ್ಕೂ ಕಾಯಿನೀರು ಚಿಮುಕಿಸುತ್ತಾಳೆ. ಕೆಟ್ಟರೆ ಹೋಗಿ ಜಗಳವಾಡಲು ಅಂಗಡಿಯೂ ಇಲ್ಲೇ ಇರುತ್ತದೆ. ಸ್ವದೇಶಿಯ ಪರವಾಗಿ ನಾನು ಕೇಳಿದ ಯಾವ ಭಾಷಣದಲ್ಲೂ ಇಷ್ಟು ಗಟ್ಟಿ ಕಾರಣ ಇರಲಿಲ್ಲ.

ಆದರೆ ಅವ್ವ ಬರಲೇ ಇಲ್ಲ. ಕರೆದರೆ ಬಚ್ಚಲ ಹೊಸ್ತಿಲ ಆಚೆಯೇ ನಿಂತು, “ಬ್ಯಾಡಪಾ. ನಾ ಕಾಯಿ ಒಡದ್ರ ಇದೂ ಕೆಟ್ಟೀತು” ಎಂದಳು. ನಾನು ತಲೆ ತಗ್ಗಿಸಿ, “ಎವ್ವಾ, ಕಾಯಿನೀರಿಂದ ಅಲ್ಲ. ಆ ನಳಾನ ಕೆಟ್ಟದ್ದಿತ್ತು, ಅದರಾಗ ಕರೆಂಟ್ ಬರ್ತಿತ್ತು” ಎಂದೆ. “ಕರೆಂಟ್ ಅಂತ ನನಗ ಗೊತ್ತಿಲ್ಲೇನಲೇ?” ಎಂದಳು ಅವ್ವ. “ನಾನ ಕಾಯಿನೀರು ಹಾಕಿ ಕೆಡಿಸೀನಿ ಅಂದ್ಕಂಡಿದ್ದೆ. ನೀ ಅಷ್ಟು ಹುರುಪಿಲೆ ತಂದಿದ್ದಿ. ಹೇಳಾಕ ಮನಸ್ಸಾಗಲಿಲ್ಲ. ಚಿಂದಿ ಸುತ್ತಿ ತಿರುವತಿದ್ದೆ, ಕಟ್ಟಿಗಿ ಮಣಿ ಮ್ಯಾಲೆ ಕುಂದರತಿದ್ದೆ. ಬಕೀಟು ತುಂಬಿದ ಕೂಡ್ಲೆ ಆರಿಸಿಬಿಡತಿದ್ದೆ.” “ಮತ್ತ ಮೊಣಕಾಲು?” ಎಂದೆ. “ಮೊಣಕಾಲಿಗೇನಾಗೈತಿ, ಹಂಗಾ ನೋಯ್ತೈತಿ” ಎಂದಳು.

ಕಾಯಿ ನಾನೇ ತಂದು ಅವಳ ಕೈಗಿಟ್ಟೆ. ಅವಳು ಒಡೆದು ಹೊಸ ಗೀಸರಿಗೆ ಚಿಮುಕಿಸಿದಳು, ಕಂಪನಿಯವನು ತೋರಿಸಿದ ಕಡೆಗೆ ಸ್ವಲ್ಪ, ತೋರಿಸದ ಕಡೆಗೆ ಸ್ವಲ್ಪ. ಸ್ವಿಚ್ ಹಾಕಿದೆವು. ಗೀಸರು ಮಿಸುಕಲಿಲ್ಲ, ಸುಮ್ಮನೆ ನೀರು ಕಾಯಿಸಿತು. ನಸುಕಿನಲ್ಲಿ ಅವ್ವ ಏಳುವ ಮೊದಲೇ ಹೋಗಿ ಟೆಸ್ಟರು ಹಿಡಿದು ನೋಡುವುದು ಈಗ ನನ್ನ ನಿತ್ಯಪೂಜೆ. ದೀಪ ಹತ್ತಿಲ್ಲ, ಆದರೂ ನೋಡುತ್ತೇನೆ.

ಮೊನ್ನೆ ಬಚ್ಚಲಿಗೆಂದು ಅವ್ವನಿಗೆ ಒಂದು ಜೊತೆ ರಬ್ಬರ್ ಚಪ್ಪಲಿ ತಂದೆ. ಡಬ್ಬಿ ತಿರುಗಿಸಿ ತಿರುಗಿಸಿ ಓದಿ, ನಮ್ಮ ದೇಶದ್ದೇ ಎಂದು ಖಾತ್ರಿ ಮಾಡಿಕೊಂಡೇ ತಂದದ್ದು. ಮೆಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದು ತೋರಿಸಿದಳು. “ಹೆಂಗದಾವವ್ವಾ?” ಎಂದೆ, ಎದೆಯುಬ್ಬಿಸಿ. “ಚಲೋ ಅದಾವಪಾ” ಎಂದಳು. ಹಿಂದಿನ ನಾನಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಯಾಕೋ ಅನುಮಾನ ಬಂದು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಅವಳ ಹಿಮ್ಮಡಿಯ ಹಿಂದೆ ಹೆಬ್ಬೆರಳಿಟ್ಟು ನೋಡಿದೆ. ಹಿಮ್ಮಡಿ ಚಪ್ಪಲಿಯ ಹೊರಗೇ ಇತ್ತು.