ಗೇಟಿಗೆ ಅಡ್ಡ ನಿಂತ ಮರಿ ಮತ್ತು ಗಿರಿಜಕ್ಕನ ದಿಂಬು

ನಿಜ ಹೇಳಿ, ನಿಮಗೂ ಹೀಗಾಗಿದೆಯಾ? ನೀವು ಬಾಡಿಗೆಗೆ ತರಿಸಿದ ಯಂತ್ರ ನಿಮ್ಮ ಜಾಗದಲ್ಲಿ ಇರುವಷ್ಟು ಹೊತ್ತು ಚಿನ್ನದಂಥ ಕೆಲಸ ಮಾಡಿ, ಪಕ್ಕದ ಮನೆಯವರ ಗೇಟಿಗೆ ಬಂದ ಕೂಡಲೇ ಕೆಟ್ಟು ನಿಂತಿದೆಯಾ? ಅದೂ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನವೇ? ಆಗಿಲ್ಲವಾದರೆ ನೀವು ಪುಣ್ಯವಂತರು. ಆಗಿದ್ದರೆ, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅಂತ ನಿಮಗೂ ಅನ್ನಿಸಿರುತ್ತದೆ. ನನ್ನ ವಿಷಯದಲ್ಲಿ ಭೂಮಿ ಆಗಲೇ ಬಾಯಿಬಿಟ್ಟಿತ್ತು. ನೀರಿನ ಸಂಪ್‌ಗೆಂದು ಹಿತ್ತಲಲ್ಲಿ ತೋಡಿಸಿದ ಗುಂಡಿ ನನಗಾಗಿಯೇ ಕಾಯುತ್ತಿತ್ತು.

ರವೀಂದ್ರನಗರದ ನಮ್ಮ ಮನೆಯ ಪಕ್ಕದಿಂದ ಹಿತ್ತಲಿಗೆ ಹೋಗುವ ಸಂದಿಯಲ್ಲಿ ಅಡ್ಡಡ್ಡ ನಡೆಯಬೇಕು. ಹೊಟ್ಟೆಯ ದೆಸೆಯಿಂದ ನಾನು ಅದನ್ನೂ ಬಿಟ್ಟು ಎಷ್ಟೋ ಕಾಲವಾಯಿತು. ಹಾಗಾಗಿ ಅಗೆಯುವ ಯಂತ್ರ ಬರಬೇಕಾದರೆ ಪಕ್ಕದ ನಾಗೇಂದ್ರಪ್ಪನವರ ಅಂಗಳವೇ ಗತಿ. ಯಂತ್ರವೆಂದರೆ ದೊಡ್ಡದಲ್ಲ, ಬೀದಿಯ ಮಕ್ಕಳು ಕಂಡ ಕೂಡಲೇ 'ಮರಿ' ಅಂತ ಹೆಸರಿಟ್ಟಂಥ ಚಿಕ್ಕದು. ಹಿತ್ತಲಲ್ಲಿ ನಮ್ಮಿಬ್ಬರ ನಡುವೆ ಇರುವುದು ಬರೀ ತಂತಿಬೇಲಿ, ಬಿಚ್ಚಿದರಾಯಿತು. ಆದರೆ ಕೇಳುವುದು ಹೇಗೆ? ನಮ್ಮ ನುಗ್ಗೆ ಮರದ ಕಂಬಳಿಹುಳುಗಳು ಅವರ ಗೋಡೆ ಹತ್ತಲು ಶುರುವಾದ ಮೇಲೆ ನಮ್ಮ ನಡುವೆ ಮಾತೇ ಕಡಿಮೆ. ಆದರೂ ಹಲ್ಲುಗಿಂಜುತ್ತಾ ಹೋದೆ. ಆ ಮನುಷ್ಯ ಒಂದು ಮಾತೂ ಎತ್ತಾಡಲಿಲ್ಲ. "ಶನಿವಾರ ತಗೊಂಡ್ ಬನ್ನಿ. ಆದ್ರೆ ಭಾನುವಾರ ಮಧ್ಯಾಹ್ನ ಭದ್ರಾವತಿಯಿಂದ ಗಂಡಿನ ಕಡೆಯವ್ರು ಬರ್ತಾರೆ, ಅಷ್ಟೊತ್ತಿಗೆ ನನ್ ಗೇಟು ಖಾಲಿ ಇರ್ಬೇಕು. ಹೋದ ಸಂಬಂಧಗಳೆಲ್ಲ ಸುಮ್‌ಸುಮ್ನೆ ತಪ್ಪಿಹೋದ್ವು ಮಾರಾಯ್ರೆ. ಇದಾದ್ರೂ ಕೂಡಿಬರ್ಲಿ ಅಂತ ಇದ್ದೀವಿ" ಎಂದರು.

ಶನಿವಾರ ಇಡೀ ದಿನ ಆಪರೇಟರ್ ಸೆಲ್ವಂ ಗುಂಡಿ ತೋಡಿದ. ಅದೇ ಹೊತ್ತಿಗೆ ಬೇಲಿಯಾಚೆ ನಾಗೇಂದ್ರಪ್ಪನವರ ಹೆಂಡತಿ ಗಿರಿಜಕ್ಕ, ಉಳಿದುಕೊಳ್ಳುವ ನೆಂಟರಿಗೆಂದು ಹಳೆಯ ಬೂರುಗದ ಹತ್ತಿಯ ಹಾಸಿಗೆ, ದಿಂಬುಗಳನ್ನೆಲ್ಲ ಬಿಚ್ಚಿಸಿ ಹೊಸದಾಗಿ ಹಿಂಜಿಸುತ್ತಿದ್ದರು. ನನ್ನ ಕಡೆ ಮಣ್ಣಿನ ಗುಡ್ಡ, ಅವರ ಕಡೆ ಮೋಡದ ಗುಡ್ಡ. ಸಂಜೆ ಹಾಸಿಗೆಯವನ ಮೇಲೆ ಅವರು ರೇಗುತ್ತಿದ್ದುದು ನಮ್ಮ ಅಡುಗೆಮನೆಗೂ ಕೇಳಿತು. "ಎರಡು ದಿಂಬಿನ ಹತ್ತಿ ಎಲ್ಲಿ ಹೋಯ್ತಪ್ಪಾ? ಕೊಟ್ಟಾಗ ತುಂಬಿತ್ತು, ಈಗ ದೋಸೆ ಥರ ಇದೆ!" ಅವನು, "ಗಾಳಿಗೆ ಹಾರಿರ್ಬೇಕಮ್ಮಾ" ಅಂದ. "ಎಲ್ಲಿದೆಯೋ ಗಾಳಿ? ಒಂದು ಎಲೆ ಅಲ್ಲಾಡ್ತಿಲ್ಲ" ಅಂದರು ಗಿರಿಜಕ್ಕ.

ಭಾನುವಾರ ಬೆಳಿಗ್ಗೆ ಸ್ವಲ್ಪ ಉಳಿದಿದ್ದ ಕೆಲಸ ಮುಗಿಸಿ ಮರಿ ಹೊರಟಿತು. ಗೇಟಿನ ಏರಿನಲ್ಲಿ ಅರ್ಧ ದಾಟಿದ್ದೇ ತಡ, ಕುಯ್ಯೋ ಅಂತ ಕೂಗಿ ತಾನೇ ಆಫ್ ಆಯಿತು. ಮೂತಿ ರಸ್ತೆಗೆ, ಇಂಜಿನ್ನಿರುವ ಬೆನ್ನು ಅಂಗಳಕ್ಕೆ, ಚಕ್ರದ ಬದಲಿಗಿರುವ ಪಟ್ಟೆಗಳಲ್ಲೊಂದು ರಂಗೋಲಿಯ ಮೇಲೆ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿನಲ್ಲಿತ್ತು. ನಾನು ಓಡಿ ಒಂದು ಬಕೆಟ್ ನೀರು ತಂದೆ. ಸೆಲ್ವಂ ಎರಡೂ ಕೈ ಅಡ್ಡ ಹಿಡಿದ. "ಬೇಡ ಸಾರ್! ಜ್ವರ ಬಂದ ಮಗೂಗೆ ತಣ್ಣೀರು ಸುರೀತೀರಾ? ಇಂಜಿನ್ ಸೀಳುತ್ತೆ." ಸರಿ, ರೇಡಿಯೇಟರ್ ಮುಚ್ಚಳವನ್ನಾದರೂ ತೆಗೆಯೋಣ ಅಂತ ಕೈ ಹಾಕಿದೆ. "ಅಯ್ಯೋ, ಮುಖ ಬೆಂದುಹೋಗುತ್ತೆ! ನೀವು ಸುಮ್ನೆ ಕೂತ್ಕೊಳ್ಳಿ ಸಾರ್, ಅದೇ ದೊಡ್ಡ ಉಪಕಾರ." ತಣ್ಣಗಾಗಲು ಬಿಟ್ಟು ಮತ್ತೆ ಹೊರಡಿಸಿದರೆ ಒಂದು ಗೇಣು ಮುಂದೆ, ಮತ್ತೆ ಕುಯ್ಯೋ. ನಾಗೇಂದ್ರಪ್ಪನವರು ಹೊಸ ಪಂಚೆಯಲ್ಲಿ ಬಂದು ನಿಂತು, ಯಂತ್ರವನ್ನು ನೋಡಿ, ನನ್ನನ್ನು ನೋಡಿ, ಗೇಟಿನಲ್ಲಿ ಉಳಿದ ಸಂದನ್ನು ಕೈಯಲ್ಲಿ ಅಳೆದು ಒಳಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗಂಡಿನ ಕಡೆಯವರು ಬಂದೇ ಬಿಟ್ಟರು. ಗೇಟಿನಲ್ಲಿ ಬೆಕ್ಕು ನುಸುಳುವಷ್ಟು ಜಾಗವಿತ್ತು, ಬೀಗರು ನುಸುಳುವಷ್ಟಿರಲಿಲ್ಲ. ಅವರನ್ನೆಲ್ಲ ನಮ್ಮ ಮನೆಯೊಳಗಿಂದ ಕರೆದುಕೊಂಡು ಹೋಗಿ, ಗುಂಡಿಯ ಅಂಚಿನಲ್ಲಿ ಹಾಕಿದ ಹಲಗೆ ದಾಟಿಸಿ, ನಾಗೇಂದ್ರಪ್ಪನವರ ಹಿತ್ತಲ ಬಾಗಿಲಿನಿಂದ ಒಳಗೆ ಕಳಿಸಿದೆ. ಹುಡುಗನ ತಾಯಿ ಸೆರಗು ಎತ್ತಿ ಹಿಡಿದು ಹಲಗೆ ದಾಟುವಾಗ, ಈ ಸಂಬಂಧವೂ ತಪ್ಪಿದರೆ ನಾನು ಮನೆ ಮಾರುವುದೇ ಸರಿ ಅಂದುಕೊಂಡೆ.

ಆದರೆ ಹುಡುಗನ ತಂದೆ ರಂಗಸ್ವಾಮಿಯವರು ಒಳಗೆ ಕೂರಲೇ ಇಲ್ಲ, ನೇರ ಮುಂದಿನ ಅಂಗಳಕ್ಕೆ ಬಂದರು. ಭದ್ರಾವತಿಯ ಕಾರ್ಖಾನೆಯಲ್ಲಿ ಬದುಕಿಡೀ ದುಡಿದು ನಿವೃತ್ತರಾದವರು. ಕೆಟ್ಟು ನಿಂತ ಯಂತ್ರ ಕಣ್ಣಿಗೆ ಬಿದ್ದ ಮೇಲೆ ಅವರಿಗೆ ಉಪ್ಪಿಟ್ಟು ಸೇರೀತೇ? "ಹೆಣ್ಣನ್ನ ಅವ್ರು ನೋಡ್ಲಿ, ನಾನು ಇದನ್ನ ನೋಡ್ತೀನಿ" ಅಂತ ಶರ್ಟಿನ ತೋಳು ಮಡಿಸಿದರು. ಸೆಲ್ವಂನನ್ನು, "ಯಾವ ಊರಪ್ಪಾ?" ಅಂದರು. "ಭದ್ರಾವತಿನೇ ಸಾರ್." "ಹಂಗಾದ್ರೆ ನೀನಂತೂ ಕೆಡಿಸಿರಲ್ಲ ಬಿಡು!" ಫ್ಯಾನ್ ಬೆಲ್ಟ್ ಒತ್ತಿ ನೋಡಿದರು, ಬಿಗಿಯಾಗಿತ್ತು. ವಾಟರ್ ಪಂಪೇ ಕೆಟ್ಟಿದೆ ಅಂತ ಆಣೆಯಿಟ್ಟರು, ಆಮೇಲೆ ಥರ್ಮೋಸ್ಟಾಟ್ ಅಂದರು. ನಡುನಡುವೆ ಕಾರ್ಖಾನೆಯ ಕುಲುಮೆಯ ಕತೆಗಳು. ಸೆಲ್ವಂ ಇಂಜಿನ್ ತಣಿಸುವ ಕೂಲೆಂಟ್ ತರಲು ಪೇಟೆಗೆ ಹೋದ. ರೇಡಿಯೇಟರಿನ ಮುಂದೆ ಬೂದುಬಣ್ಣದ ಮೆತ್ತನೆಯ ಪದರವೊಂದು ಕಂಡಾಗಂತೂ ಮೆಚ್ಚಿ ತಲೆದೂಗಿದರು. "ನೋಡ್ರಿ, ಎಂಥಾ ಫಿಲ್ಟರ್ ಕೊಟ್ಟಿದಾರೆ! ನಮ್ ಕಾಲದಲ್ಲಿ ಇದೆಲ್ಲಿತ್ತು?" ನಾನೂ ತಲೆದೂಗಿದೆ. ನಾಗೇಂದ್ರಪ್ಪನವರೂ, ಹುಡುಗನ ಸೋದರಮಾವನೂ ಎದ್ದು ಬಂದು ತಲೆದೂಗಿದರು. ಕೊನೆಗೆ ಹುಡುಗನ ತಾಯಿಯೂ ಬಂದರು. ಹಿರಿಯರೆಲ್ಲ ಮರಿಯ ಸುತ್ತ.

ಆಗ ಗಿರಿಜಕ್ಕ ಬೀಗರಿಗೆ ಕಾಫಿ ತಂದರು. ಲೋಟ ಕೊಡುತ್ತಾ ಬಗ್ಗಿ ನೋಡಿ, ತಟ್ಟೆಯನ್ನು ನನ್ನ ಕೈಗೆ ತುರುಕಿ, ಆ 'ಫಿಲ್ಟರ್‌'ಗೆ ಬೆರಳು ಹಾಕಿ ಚಿವುಟಿದರು. ಹಿಡಿಯಷ್ಟು ಕಿತ್ತು ಬಂತು. ಒಳಗೆ ಬೆಳ್ಳಗಿತ್ತು, ನಡುವೆ ಒಂದು ಕಪ್ಪು ಬೀಜ.

"ರೀ! ನನ್ನ ದಿಂಬು ಕಣ್ರೀ ಇದು!"

ಗಾಳಿ ಎಲ್ಲಿತ್ತು ಅಂತ ಆಗ ತಿಳಿಯಿತು. ಶನಿವಾರವಿಡೀ ಮರಿಯ ಫ್ಯಾನು ಬೇಲಿಯಾಚೆಯ ಹತ್ತಿಯನ್ನು ಎಳೆದೆಳೆದು ಕುಡಿದಿತ್ತು. ಅದರ ಮೇಲೆ ಧೂಳು, ಎಣ್ಣೆ. ರೇಡಿಯೇಟರಿಗೆ ಉಸಿರಾಡಲು ಸಂದೇ ಇಲ್ಲ. ರಂಗಸ್ವಾಮಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕುಲುಮೆ ಕಾದವನು ದಿಂಬಿನ ಮುಂದೆ ಸೋತ್ನಲ್ಲಮ್ಮಾ!" ಎಲ್ಲರೂ ಕಡ್ಡಿ ಹಿಡಿದು ಹತ್ತಿ ಬಿಡಿಸಿದೆವು. ಯಂತ್ರ ತಣಿದ ಮೇಲೆ ಸೆಲ್ವಂ ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆದ, ಕೂಲೆಂಟ್ ತುಂಬಿದ. ಮರಿ ಗೇಟು ದಾಟಿ ಲಾರಿ ಏರಿತು. ಮುಳ್ಳು ನಡುಮಧ್ಯದಿಂದ ಕದಲಲಿಲ್ಲ.

ಆಮೇಲೆಯೇ ನಮಗೆ ಹುಡುಗ ಹುಡುಗಿಯ ನೆನಪಾದದ್ದು. ಒಳಗೆ ಹೋದರೆ ಅವರಿಬ್ಬರೂ ಬೋಂಡದ ತಟ್ಟೆ ಖಾಲಿ ಮಾಡಿ, ನಾವು ಬಂದದ್ದೂ ತಿಳಿಯದೆ ಮಾತಾಡುತ್ತಿದ್ದರು. ಒಪ್ಪಿಗೆಯಾ ಅಂತ ಕೇಳುವ ಅಗತ್ಯವೇ ಬೀಳಲಿಲ್ಲ, ಆದರೂ ಶಾಸ್ತ್ರಕ್ಕೆ ಕೇಳಿದೆವು.

ಸಂಜೆ ನಾಗೇಂದ್ರಪ್ಪನವರ ಬಳಿ ಕ್ಷಮೆ ಕೇಳಲು ಹೋದೆ. "ಸುಮ್ನಿರಿ ಮಾರಾಯ್ರೆ" ಅಂದರು. "ಹೋದ ಸಲವೆಲ್ಲ ನಾವು ಹಿರಿಯರು ಸುತ್ತ ಕೂತು, ಆ ಹುಡುಗಿ ಬಾಯಿ ಬಿಡೋಕೇ ಬಿಟ್ಟಿರ್ಲಿಲ್ಲ. ಇವತ್ತು ನಿಮ್ ಮರಿ ನಮ್ಮನ್ನೆಲ್ಲ ಹೊರಗೆ ಹಾಕ್ತು." ಅಂಗಳ ಕೊಟ್ಟವರು ಅವರು, ಗೇಟು ಅಡ್ಡಗಟ್ಟಿದವನು ನಾನು, ಥ್ಯಾಂಕ್ಸ್ ಮಾತ್ರ ನನಗೆ! ಬಿಚ್ಚಿದ ತಂತಿಬೇಲಿ ಇನ್ನೂ ಹಾಗೇ ಇದೆ, ಇಬ್ಬರೂ ಅದರ ಮಾತೆತ್ತಿಲ್ಲ. ಗಿರಿಜಕ್ಕ ಆ ಹತ್ತಿಯನ್ನು ತೊಳೆದು ಒಣಗಿಸಿ, ದಿಂಬು ಮಾಡಿ ನನಗೇ ಕೊಟ್ಟಿದ್ದಾರೆ. ಎಷ್ಟು ತೊಳೆದರೂ ಡೀಸೆಲ್ ವಾಸನೆ ಹೋಗಿಲ್ಲ ಅಂತ ನನ್ನಾಕೆ ಆ ದಿಂಬನ್ನೂ, ಅದನ್ನು ಬಿಡಲೊಲ್ಲದ ನನ್ನನ್ನೂ ಒಟ್ಟಿಗೇ ಹಾಲ್‌ಗೆ ಅಟ್ಟಿದ್ದಾಳೆ.

ಸೋಫಾದ ಮೇಲೆ ಆ ದಿಂಬಿಗೆ ತಲೆಯಿಟ್ಟೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕೆಲಸಕ್ಕೆ ಬಂದದ್ದು ಪಕ್ಕದವರ ಗೇಟಿನಲ್ಲಿ ಕೈಕೊಟ್ಟು, ಆದರೂ ಅವರು ನಿಮಗೆ ಕಾಫಿ ಕೊಟ್ಟ ಕತೆಯಿದ್ದರೆ ಕೆಳಗೆ ಬರೆಯಿರಿ. ಹೇಗೂ ನನಗೆ ಈ ವಾಸನೆಯಲ್ಲಿ ಬೇಗ ನಿದ್ದೆ ಬರುವುದಿಲ್ಲ, ಎಲ್ಲವನ್ನೂ ಓದುತ್ತೇನೆ.